ಮುಂಜಾವಿನ ಪೇಯಗಳು ಮತ್ತು ರಕ್ತ ಪರಿಚಲನೆಯ ಆರೋಗ್ಯ: ಕೊಪ್ಪಳ ಸೀಮೆಯ ಮನೆಗಳಿಗೊಂದು ಕೈಪಿಡಿ



ಕಾಯಕಕ್ಕೆ ಕಾಯವೇ ಮೂಲ. ಕಾಯವು ಸ್ವಸ್ಥವಾಗಿದ್ದರೆ ಮಾತ್ರ ದುಡಿಮೆ, ದಾಸೋಹ, ಪೂಜೆಗಳು ನಿರಾತಂಕವಾಗಿ ಸಾಗುತ್ತವೆ. ಇತ್ತೀಚಿನ ದಿನಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಮನೆಗಳಲ್ಲಿ ಒಂದು ರೂಢಿ ಹಬ್ಬುತ್ತಿದೆ. ಮೊಬೈಲಿನಲ್ಲಿ ಬಂದ ಸಂದೇಶವನ್ನು ನಂಬಿ, ಬೆಳಗಿನ ಜಾವ ಒಂದು ಲೋಟ ರಸವನ್ನೋ ಕಷಾಯವನ್ನೋ ಕುಡಿದರೆ ರಕ್ತನಾಳಗಳು ತೊಳೆದಂತಾಗುತ್ತವೆ, ರಕ್ತದೊತ್ತಡದ ಮಾತ್ರೆ ಬೇಕಿಲ್ಲ ಎಂದು ತಿಳಿಯುವುದು ಆ ರೂಢಿ. ಇದರಲ್ಲಿ ಅರ್ಧ ಸತ್ಯವಿದೆ, ಅರ್ಧ ಅಪಾಯವಿದೆ. ನಮ್ಮ ನೆಲದಲ್ಲಿ ಬೆಳೆಯುವ, ನಮ್ಮ ಅಡುಗೆಮನೆಯಲ್ಲಿ ದೊರೆಯುವ ಪೇಯಗಳಲ್ಲಿ ಯಾವುದು ಎಷ್ಟರ ಮಟ್ಟಿಗೆ ಉಪಕಾರಿ, ಯಾವುದು ಯಾರಿಗೆ ಸಲ್ಲದು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇವೆ.

ರಕ್ತ ಪರಿಚಲನೆ ಎಂದರೇನು?

ಹೃದಯವು ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನ ದೇಹದಲ್ಲಿ ಅದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ನೂಕುತ್ತದೆ. ರಕ್ತವು ದೇಹವನ್ನು ಸುತ್ತಿ ಮತ್ತೆ ಹೃದಯಕ್ಕೇ ಮರಳುತ್ತದೆ ಎಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಧಿಸಿ ತೋರಿಸಿದನು.

ಈ ಪರಿಚಲನೆ ಚೆನ್ನಾಗಿರಬೇಕಾದರೆ ನಾಲ್ಕು ಅಂಶಗಳು ಸರಿಯಿರಬೇಕು. ದೇಹದಲ್ಲಿ ಸಾಕಷ್ಟು ನೀರಿನಂಶ ಇರಬೇಕು. ರಕ್ತನಾಳಗಳು ಹಿಗ್ಗಿ ಕುಗ್ಗುವ ಮೃದುತ್ವವನ್ನು ಉಳಿಸಿಕೊಂಡಿರಬೇಕು. ರಕ್ತದೊತ್ತಡ ಹತೋಟಿಯಲ್ಲಿರಬೇಕು. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಕೊರತೆ ಇರಬಾರದು. ಬೆಳಗಿನ ಪೇಯವು ಈ ನಾಲ್ಕಕ್ಕೂ ಸ್ವಲ್ಪ ಮಟ್ಟಿಗೆ ನೆರವಾಗಬಲ್ಲದು. ಆದರೆ ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೂಡಿದ ಕೊಬ್ಬನ್ನು ಕರಗಿಸಿ ಹೊರಹಾಕುವ ಪೇಯ ಯಾವುದೂ ಇಲ್ಲ. ಈ ಮಾತನ್ನು ಮೊದಲೇ ಮನದಟ್ಟು ಮಾಡಿಕೊಳ್ಳಬೇಕು.

1. ನೀರು

ರಾತ್ರಿಯ ಆರೇಳು ಗಂಟೆಗಳ ಕಾಲ ನಾವು ಏನನ್ನೂ ಕುಡಿದಿರುವುದಿಲ್ಲ. ಉಸಿರು, ಬೆವರು, ಮೂತ್ರಗಳ ಮೂಲಕ ನೀರು ಹೋಗಿರುತ್ತದೆ. ಆದ್ದರಿಂದ ಎದ್ದ ಕೂಡಲೇ ಒಂದೆರಡು ಲೋಟ ನೀರು ಕುಡಿಯುವುದು ಎಲ್ಲ ಪೇಯಗಳಿಗಿಂತ ಮೊದಲನೆಯದು, ಅಗ್ಗದ್ದು, ಉತ್ತಮವಾದದ್ದು. ಬಿಸಿಲಿನಲ್ಲಿ ಹೊಲಗದ್ದೆಗಳಲ್ಲಿ ದುಡಿಯುವವರಿಗೆ ಇದು ಇನ್ನೂ ಅಗತ್ಯ. ನೀರು ಉಗುರುಬೆಚ್ಚಗಿರಲಿ, ತಣ್ಣಗಿರಲಿ, ಫಲ ಒಂದೇ. ಒಂದೇ ಸಲಕ್ಕೆ ಎರಡು ಮೂರು ಲೀಟರ್ ಕುಡಿಯುವ ಹಟ ಮಾತ್ರ ಸಲ್ಲದು.

ನಮ್ಮ ಸೀಮೆಗೆ ಸಂಬಂಧಿಸಿದ ಮಹತ್ವದ ಎಚ್ಚರಿಕೆಯೊಂದಿದೆ. ಗಂಗಾವತಿ ಭಾಗದ ಬಹುಪಾಲು ನೆಲ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಕಂಡಿದೆ. ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಹಳ್ಳಿಗಳಾದರೋ ಬಹುಕಾಲ ಕೊಳವೆಬಾವಿಯನ್ನೇ ನಂಬಿವೆ. ಅಲ್ಲಿನ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಅಂಶ ಹೆಚ್ಚಾಗಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಇದು ಮೀರಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆ ಕಟ್ಟುತ್ತದೆ, ಕಾಲಾಂತರದಲ್ಲಿ ಮೂಳೆ ಕೀಲುಗಳು ಬಿಗಿಯುತ್ತವೆ.

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ತಾಮ್ರದ ಚೆಂಬಿನಲ್ಲಿ ರಾತ್ರಿಯಿಡೀ ಇಟ್ಟರೂ ಫ್ಲೋರೈಡ್ ಕಡಿಮೆಯಾಗದು. ಹೀಗಾಗಿ ಕೊಳವೆಬಾವಿಯ ನೀರಿನಿಂದ ಒಂದು ಪಾವು ಕಷಾಯವಾಗುವವರೆಗೆ ಇಂಗಿಸುವುದು ಆರೋಗ್ಯದ ಹೆಸರಿನಲ್ಲಿ ಅನಾರೋಗ್ಯವನ್ನು ಕುಡಿದಂತೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ, ನದಿ ಮೂಲದಿಂದ ಬರುವ ನಲ್ಲಿಯ ನೀರನ್ನೋ ಕುಡಿಯಲು ಮತ್ತು ಅಡುಗೆಗೆ ಬಳಸಬೇಕು. ತಮ್ಮೂರಿನ ನೀರಿನ ಪರೀಕ್ಷೆಯ ವರದಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳಿ ತಿಳಿಯುವುದು ಪ್ರತಿಯೊಬ್ಬರ ಹಕ್ಕು.

2. ಅಂಬಲಿ ಮತ್ತು ಮಜ್ಜಿಗೆ

ಚಹಾ ನಮ್ಮ ಮನೆಗಳಿಗೆ ಬರುವ ಮೊದಲು ಹೊಲಕ್ಕೆ ಹೋಗುವವರ ಬೆಳಗಿನ ಆಧಾರ ಅಂಬಲಿಯೇ ಆಗಿತ್ತು. ಜೋಳ, ಸಜ್ಜೆ, ನವಣೆಗಳು ನಮ್ಮ ಮಳೆಯಾಶ್ರಿತ ನೆಲದ ಬೆಳೆಗಳು. ಇವುಗಳಲ್ಲಿ ನಾರಿನಂಶ, ಮೆಗ್ನೀಸಿಯಂ, ಕಬ್ಬಿಣದ ಅಂಶಗಳಿವೆ. ನಾರಿನಂಶವು ರಕ್ತದಲ್ಲಿ ಸಕ್ಕರೆ ಏಕಾಏಕಿ ಏರುವುದನ್ನು ತಡೆಯುತ್ತದೆ.

ಮಾಡುವ ವಿಧಾನ ಸರಳ. ಎರಡು ಚಮಚ ಜೋಳದ ಹಿಟ್ಟನ್ನು ರಾತ್ರಿ ಒಂದು ಲೋಟ ನೀರಿನಲ್ಲಿ ಕಲಸಿಡಬೇಕು. ಬೆಳಿಗ್ಗೆ ಒಂದೂವರೆ ಲೋಟ ನೀರು ಕುದಿಯುವಾಗ ಅದನ್ನು ಗಂಟಾಗದಂತೆ ಸುರಿದು, ಎಂಟು ಹತ್ತು ನಿಮಿಷ ಕೈಯಾಡಿಸಬೇಕು. ಆರಿದ ಮೇಲೆ ಕಡೆದ ಮಜ್ಜಿಗೆ, ಜೀರಿಗೆ ಪುಡಿ, ಕರಿಬೇವು, ಕೊತ್ತಂಬರಿ ಬೆರೆಸಿ ಕುಡಿಯಬಹುದು.

ಇಲ್ಲಿ ಗಮನಿಸಬೇಕಾದದ್ದು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಸೂಚಿಸಿದೆ. ಅದು ಒಂದು ಚಿಕ್ಕ ಚಮಚದ ಅಳತೆ. ಮಜ್ಜಿಗೆಗೆ ಅರ್ಧ ಚಮಚ ಉಪ್ಪು ಹಾಕಿದರೆ ದಿನದ ಅರ್ಧ ಪಾಲು ಬೆಳಿಗ್ಗೆಯೇ ಮುಗಿಯಿತು. ಮುಂದೆ ರೊಟ್ಟಿಯ ಜೊತೆಗಿನ ಚಟ್ನಿ, ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ಬೇರೆ. ಹುಳಿ ಮಜ್ಜಿಗೆಗೆ ಜೀರಿಗೆ, ಶುಂಠಿ, ಕೊತ್ತಂಬರಿಗಳ ರುಚಿ ಸಾಕು. ಸೈಂಧವ ಲವಣವೂ ಉಪ್ಪೇ. ರಕ್ತದೊತ್ತಡದ ಮಟ್ಟಿಗೆ ಅದಕ್ಕೆ ವಿನಾಯಿತಿ ಇಲ್ಲ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಮಜ್ಜಿಗೆಯನ್ನಾಗಲಿ ನಿಂಬೆಯ ಪಾನಕವನ್ನಾಗಲಿ ಇಡಬಾರದು. ಹುಳಿಯು ಲೋಹವನ್ನು ಕರಗಿಸುತ್ತದೆ.

3. ಬೀಟ್‌ರೂಟ್ ರಸ

ಪರಿಚಲನೆಯ ವಿಷಯದಲ್ಲಿ ಹೆಚ್ಚು ಸಂಶೋಧನೆಗೆ ಒಳಗಾದ ರಸ ಇದು. ಬೀಟ್‌ರೂಟಿನಲ್ಲಿ ನೈಟ್ರೇಟ್ ಎಂಬ ಅಂಶವಿದೆ. ನಾಲಿಗೆಯ ಮೇಲಿರುವ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ದೇಹದೊಳಗೆ ಅದು ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳಗಳನ್ನು ಸಡಿಲಿಸುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಪಾತ್ರವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಇದರಿಂದ ಮೇಲಿನ ರಕ್ತದೊತ್ತಡ ಕೆಲವೇ ಅಂಕಗಳಷ್ಟು ಇಳಿಯಬಹುದು. ಕುಡಿದ ಎರಡು ಮೂರು ಗಂಟೆಗಳಲ್ಲಿ ಪರಿಣಾಮ ಹೆಚ್ಚಿರುತ್ತದೆ, ಒಂದು ದಿನದೊಳಗೆ ಇಲ್ಲವಾಗುತ್ತದೆ. 160, 170 ಇರುವ ಒತ್ತಡವನ್ನು ಅದು ಸರಿಪಡಿಸಲಾರದು. ಬೇಯಿಸಿ ನೀರು ಚೆಲ್ಲಿದರೆ ನೈಟ್ರೇಟ್ ಆ ನೀರಿನೊಡನೆ ಹೋಗುತ್ತದೆ. ಆದ್ದರಿಂದ ಹಸಿಯಾಗಿಯೇ ತುರಿದು, ಅರ್ಧ ಲೋಟ ರಸಕ್ಕೆ ನಿಂಬೆ ಹಿಂಡಿ ಕುಡಿಯುವುದು ಲೇಸು. ಕುಡಿದ ಬಳಿಕ ಮೂತ್ರವೋ ಮಲವೋ ಕೆಂಪಾದರೆ ಗಾಬರಿ ಬೇಡ, ಅದು ಬೀಟ್‌ರೂಟಿನ ಬಣ್ಣ. ಮೂತ್ರಪಿಂಡದಲ್ಲಿ ಕಲ್ಲು ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಬೇಕು.

4. ದಾಳಿಂಬೆ, ನಿಂಬೆ, ನೆಲ್ಲಿ

ಕುಷ್ಟಗಿ, ಯಲಬುರ್ಗಾ ಭಾಗದ ದಾಳಿಂಬೆ ನಾಡಿನ ಹೊರಗೂ ಹೆಸರಾದದ್ದು. ಅದರ ಕೆಂಪು ಬಣ್ಣದಲ್ಲಿರುವ ಪಾಲಿಫಿನಾಲ್‌ಗಳು ರಕ್ತನಾಳಗಳಿಗೆ ಹಿತಕರ. ಆದರೆ ರಸ ತೆಗೆದಾಗ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಒಂದು ಲೋಟ ರಸಕ್ಕೆ ಒಂದಕ್ಕಿಂತ ಹೆಚ್ಚು ಹಣ್ಣು ಬೇಕು. ಸಕ್ಕರೆ ಕಾಯಿಲೆ ಇರುವವರು ರಸದ ಬದಲು ಒಂದು ಹಿಡಿ ಕಾಳನ್ನು ಅಗಿದು ತಿನ್ನುವುದು ಉತ್ತಮ.

ನಿಂಬೆ ಮತ್ತು ನೆಲ್ಲಿಯಲ್ಲಿ ಸಿ ಜೀವಸತ್ವ ಹೇರಳ. ಜೋಳ, ಸಜ್ಜೆ, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ರಕ್ತಹೀನತೆಯಿಂದ ಬಳಲುವ ತಾಯಂದಿರು, ಹರೆಯದ ಹೆಣ್ಣುಮಕ್ಕಳು ರೊಟ್ಟಿಯ ಊಟಕ್ಕೆ ನಿಂಬೆ ಹಿಂಡಿಕೊಳ್ಳಬೇಕು. ಊಟದ ಜೊತೆಗೇ ಚಹಾ ಕುಡಿದರೆ ಇದರ ವಿರುದ್ಧ ಫಲ. ಚಹಾದ ಒಗರು ಕಬ್ಬಿಣವನ್ನು ಹಿಡಿದಿಡುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ.

5. ಎಳನೀರು

ಇದರಲ್ಲಿ ಪೊಟ್ಯಾಸಿಯಂ ಹೆಚ್ಚು. ಆರೋಗ್ಯವಂತರಿಗೆ ಪೊಟ್ಯಾಸಿಯಂ ಉಪ್ಪಿನ ದುಷ್ಪರಿಣಾಮವನ್ನು ತಗ್ಗಿಸುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅದೇ ಅಪಾಯಕಾರಿ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಏರುಪೇರಾಗಬಹುದು. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮುಂತಾದ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುವ ಗುಣದವು. ಇವನ್ನು ಸೇವಿಸುವವರು ದಿನನಿತ್ಯ ಎಳನೀರು ಕುಡಿಯುವ ಮೊದಲು ವೈದ್ಯರ ಸಲಹೆ ಪಡೆಯಬೇಕು.

6. ಕಷಾಯಗಳು

ಧನಿಯಾ, ಜೀರಿಗೆ, ಶುಂಠಿ, ಮೆಣಸುಗಳ ಕಷಾಯ ಸಕ್ಕರೆ ಇಲ್ಲದೆ ಕುಡಿದರೆ ಚಹಾಕ್ಕೆ ಒಳ್ಳೆಯ ಬದಲಿ. ಆದರೆ ಕಷಾಯದ ಪುಡಿಗಳಲ್ಲಿ ಜ್ಯೇಷ್ಠಮಧು ಬೆರೆತಿದೆಯೇ ಎಂದು ನೋಡಬೇಕು. ಗಂಟಲಿಗೆ ಹಿತವಾದ ಈ ಬೇರು, ದಿನವೂ ಸೇವಿಸಿದಾಗ ದೇಹದಲ್ಲಿ ಉಪ್ಪನ್ನು ಹಿಡಿದಿಟ್ಟು ರಕ್ತದೊತ್ತಡವನ್ನು ಏರಿಸುತ್ತದೆ. ಮನೆಮದ್ದೆಂದರೆ ನಿರಪಾಯ ಎಂಬ ನಂಬಿಕೆಗೆ ಇದೊಂದು ಪಾಠ.

ದಾಸವಾಳದ ಕಷಾಯದಿಂದ ಒತ್ತಡ ಇಳಿಯುತ್ತದೆ ಎಂಬ ಮಾತೂ ಇದೆ. ಅಧ್ಯಯನಗಳು ನಡೆದಿರುವುದು ಅಂಗಳದ ಪೂಜೆಯ ದಾಸವಾಳದ ಮೇಲಲ್ಲ, ನಮ್ಮ ಪುಂಡಿಯ ಹತ್ತಿರದ ಬಂಧುವಾದ ಕೆಂಪು ಪುಂಡಿಯ ಹೂವಿನ ಬುಡದ ದಪ್ಪ ಕೆಂಪು ದಳಗಳ ಮೇಲೆ. ಅದರ ಪರಿಣಾಮವೂ ಮಿತವಾದದ್ದೇ.

ಮೆಂತ್ಯ ನೆನೆಸಿದ ನೀರು ರಕ್ತದ ಸಕ್ಕರೆಯನ್ನು ಸ್ವಲ್ಪ ಇಳಿಸಬಲ್ಲದು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ಸೇರಿದರೆ ಸಕ್ಕರೆ ಅತಿಯಾಗಿ ಕುಸಿದು ತಲೆಸುತ್ತು ಬರಬಹುದು.

7. ಚಹಾ ಮತ್ತು ಕಾಫಿ

ಮಿತವಾದ ಚಹಾ ಕಾಫಿ ಹೃದಯಕ್ಕೆ ಶತ್ರುವಲ್ಲ. ಶತ್ರು ಅದರೊಳಗಿನ ಸಕ್ಕರೆ. ಒಂದು ಕಪ್ಪಿಗೆ ಎರಡು ಚಮಚದಂತೆ ದಿನಕ್ಕೆ ಐದು ಕಪ್ ಕುಡಿದರೆ ಹತ್ತು ಚಮಚ, ಅಂದರೆ 40 ಗ್ರಾಂಗೂ ಮೇಲ್ಪಟ್ಟ ಸಕ್ಕರೆ ದೇಹ ಸೇರಿತು. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳಿತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಬೆಲ್ಲದ ಚಹಾವೂ ಈ ಲೆಕ್ಕದಿಂದ ಹೊರತಲ್ಲ. ಚಹಾ ಎಲೆಯಲ್ಲಿ ಸ್ವಾಭಾವಿಕವಾಗಿಯೇ ಫ್ಲೋರೈಡ್ ಇರುತ್ತದೆ. ಫ್ಲೋರೈಡ್ ನೀರಿನ ಊರುಗಳಲ್ಲಿ ಚಹಾ ಮಿತಿಯಲ್ಲಿರಲು ಇದು ಇನ್ನೊಂದು ಕಾರಣ.

ಪೂಜೆಗೆ ಮುನ್ನ ಏನನ್ನೂ ಕುಡಿಯದವರಿಗೆ

ಇಷ್ಟಲಿಂಗ ಪೂಜೆ ಮುಗಿಯುವವರೆಗೆ ಹನಿ ನೀರನ್ನೂ ಮುಟ್ಟದ ನೇಮ ಅನೇಕ ಹಿರಿಯರಲ್ಲಿದೆ. ಆ ನಿಷ್ಠೆಗೆ ನಮ್ಮ ನಮನವಿದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರಿದ್ದರೆ ಮನೆಯವರು ಪೂಜೆಯ ವೇಳೆಯನ್ನು ಬೇಗನೆ ಹೊಂದಿಸಿಕೊಡಬೇಕು. ತಮ್ಮ ನೇಮವನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿದರೆ ಔಷಧದ ವೇಳೆಯನ್ನು ಅದಕ್ಕೆ ತಕ್ಕಂತೆ ಅವರು ಬದಲಿಸಿಕೊಡಬಲ್ಲರು. ಸಕ್ಕರೆ ಕುಸಿದು ನಡುಕ, ಬೆವರು, ಕಣ್ಣು ಮಂಜು ಕಂಡಾಗ ನೇಮವನ್ನು ಬದಿಗಿಟ್ಟು ಸಕ್ಕರೆ ನೀರು ಕುಡಿಯಲೇಬೇಕು. ಜೀವ ಉಳಿಸಿಕೊಳ್ಳುವುದರಿಂದ ನಿಷ್ಠೆಗೆ ಭಂಗವಿಲ್ಲ.

ಇವರು ಮೊದಲು ವೈದ್ಯರನ್ನು ಕೇಳಬೇಕು

ಹೃದಯ ವೈಫಲ್ಯ ಇರುವವರಿಗೂ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೂ ದಿನಕ್ಕೆ ಕುಡಿಯುವ ದ್ರವದ ಮಿತಿಯೇ ನಿಗದಿಯಾಗಿರುತ್ತದೆ. ಅವರಿಗೆ ನೀರೂ ಅಳತೆಯದ್ದೇ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರು ಹಠಾತ್ತಾಗಿ ಹಸಿರು ಸೊಪ್ಪಿನ ರಸ ಆರಂಭಿಸಿದರೆ ಮಾತ್ರೆಯ ಪರಿಣಾಮ ಕುಗ್ಗುತ್ತದೆ. ಗರ್ಭಿಣಿಯರು ಕಷಾಯಗಳ ವಿಷಯದಲ್ಲಿ ಸ್ವಂತ ನಿರ್ಧಾರ ಮಾಡಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ರಕ್ತದೊತ್ತಡ ಏರಿದಾಗ ಬಹುತೇಕರಿಗೆ ತಲೆನೋವೂ ಬರುವುದಿಲ್ಲ, ಸುಸ್ತೂ ಕಾಣುವುದಿಲ್ಲ. ‘ನನಗೇನೂ ಆಗಿಲ್ಲ, ರಸ ಕುಡಿದೇ ಗುಣವಾಯಿತು’ ಎಂದು ತೋರುವುದು ಇದೇ ಕಾರಣಕ್ಕೆ. ಅಳೆದು ನೋಡದ ಹೊರತು ಒತ್ತಡ ಗೊತ್ತಾಗದು. 30 ವರ್ಷ ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಅಳೆಸಿಕೊಳ್ಳಬಹುದು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕೂ ಮೇಲಿದ್ದರೆ ಚಿಕಿತ್ಸೆ ಅಗತ್ಯ.

ಏನನ್ನೂ ಕುಡಿಸಬಾರದ ಗಳಿಗೆ

ಎದೆಯ ನಡುವೆ ಹಿಂಡಿದಂತೆ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ಉಸಿರಾಟಕ್ಕೆ ಕಷ್ಟ ಕಂಡುಬಂದರೆ ಅದು ಹೃದಯಾಘಾತವಿರಬಹುದು. ‘ಗ್ಯಾಸ್ ಆಗಿದೆ’ ಎಂದು ಸೋಡಾ, ಜೀರಿಗೆ ನೀರು ಕುಡಿಸಿ ಕಾಯುತ್ತಾ ಕೂರುವ ಒಂದೊಂದು ಗಂಟೆಯೂ ಹೃದಯದ ಸ್ನಾಯುವನ್ನು ಕೊಲ್ಲುತ್ತದೆ. ಮುಖ ಒಂದು ಕಡೆ ವಾಲುವುದು, ಕೈಯೋ ಕಾಲೋ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ಅಂಥವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ.

ಈ ಎರಡೂ ಸಂದರ್ಭಗಳಲ್ಲಿ ಏನನ್ನೂ ಕುಡಿಸದೆ ತಕ್ಷಣ 108ಕ್ಕೆ ಕರೆ ಮಾಡಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಪರೀಕ್ಷೆ ಮತ್ತು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಉಚಿತವಾಗಿ ದೊರೆಯುತ್ತವೆ. ಎಷ್ಟು ಬೇಗ ತಲುಪುತ್ತೇವೆಯೋ ಅಷ್ಟು ಫಲ.

ಕೊನೆಯದಾಗಿ

ಎದ್ದೊಡನೆ ಶುದ್ಧ ನೀರು, ಪೂಜೆಯ ಬಳಿಕ ಉಪ್ಪು ಮಿತವಾದ ಅಂಬಲಿ ಅಥವಾ ಮಜ್ಜಿಗೆ, ವಾರಕ್ಕೆ ಕೆಲವು ದಿನ ಅರ್ಧ ಲೋಟ ಬೀಟ್‌ರೂಟ್ ರಸ, ಸಕ್ಕರೆ ಕಡಿಮೆಯಾದ ಒಂದೆರಡು ಕಪ್ ಚಹಾ: ಒಬ್ಬ ಆರೋಗ್ಯವಂತ ವಯಸ್ಕನಿಗೆ ಇಷ್ಟು ಸಾಕು. ಇದರ ಜೊತೆಗೆ ದಿನಕ್ಕೆ ಅರ್ಧ ಗಂಟೆಯ ನಡಿಗೆ ಇರಲಿ, ತಂಬಾಕು ಗುಟಖಾಗಳಿಂದ ದೂರವಿರಿ. ಒಂದು ಚಿಟಿಕೆ ತಂಬಾಕು ರಕ್ತನಾಳಕ್ಕೆ ಮಾಡುವ ಹಾನಿಯನ್ನು ಯಾವ ರಸವೂ ತುಂಬಿಕೊಡಲಾರದು.

ಮನೆಯ ಹಿರಿಯರು ಮಾತ್ರೆ ನಿಲ್ಲಿಸಿದ್ದಾರೆಯೇ ಎಂದು ಇಂದೇ ಒಮ್ಮೆ ಕೇಳಿ ನೋಡಿ ಎಂಬುದು ಭಕ್ತ ಬಂಧುಗಳಲ್ಲಿ ನಮ್ಮ ವಿನಂತಿ. ಎಲ್ಲರ ಕಾಯವೂ ಕಾಯಕಕ್ಕೆ ಸನ್ನದ್ಧವಾಗಿರಲಿ ಎಂದು ಹಾರೈಸುತ್ತೇವೆ.