ಇಕ್ಕೇರಿಯ ಬೀದಿಯಲ್ಲಿ ಸಿಕ್ಕ ಹೆಸರು

1623ರ ನವೆಂಬರ್. ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಬಂದಿದ್ದ. ರಾಯಭಾರ ಅವನದಲ್ಲ, ಊರು ನೋಡುವುದೇ ಅವನ ಕೆಲಸ. ಒಂದು ದಿನ ಊರು ಸುತ್ತಿ ಬಿಡಾರಕ್ಕೆ ಮರಳುವಾಗ ಕುದುರೆಯೇರಿದ ಹೆಂಗಸೊಬ್ಬಳು ಎದುರಾದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಗಂಡನನ್ನು ಕಳೆದುಕೊಂಡು ಚಿತೆಯೇರಲು ನಿರ್ಧರಿಸಿದ್ದವಳು.

ಕೆಲವು ದಿನಗಳ ಬಳಿಕ ಅವಳ ಮನೆಗೇ ಹೋಗಿ ಮಾತಾಡಿಸಿದ. ಗಂಡ ಡೋಲು ಬಾರಿಸುತ್ತಿದ್ದವನು, ಮಕ್ಕಳಿನ್ನೂ ಚಿಕ್ಕವರು. ಬೇಡವೆಂದು ಎಷ್ಟು ಹೇಳಿದರೂ ಅವಳು ಮನಸ್ಸು ಬದಲಿಸಲಿಲ್ಲ. ಹೆಸರನ್ನಾದರೂ ಬರಹದಲ್ಲಿ ಉಳಿಸುತ್ತೇನೆಂದು ಮಾತು ಕೊಟ್ಟ.

ಇಟಾಲಿಯನ್ ಕಿವಿಗೆ ಕೇಳಿದಂತೆ ಅವನು ಬರೆದುಕೊಂಡದ್ದು ‘ಜಾಕ್ಕಮಾ’. ನಮ್ಮ ಬಾಯಲ್ಲಿ ಅದು ಜಕ್ಕಮ್ಮ ಇರಬೇಕು. ನಾಡಿನ ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ಕೈಯಿದೆ, ಹೆಸರಿಲ್ಲ. ಇವಳ ಹೆಸರು ಉಳಿದದ್ದು, ದಾರಿಹೋಕನೊಬ್ಬ ನಿಂತು ಕೇಳಿದ್ದರಿಂದ.