ವ್ಯೂಹದಾಟಗಳೂ ಕಾಲದ ಬೆಲೆಯೂ

ಚದುರಂಗದ ಮಣೆಯ ಮುಂದೆ ಕುಳಿತವನು ಎಷ್ಟು ಹೊತ್ತು ಯೋಚಿಸಿದರೂ, ಆ ಮಣೆಯನ್ನು ಮಾಡಿಕೊಟ್ಟ ಬಡಗಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮಣೆಯನ್ನು ಮಾರಿದ ದಿನವೇ ಅವನ ವ್ಯವಹಾರವು ಮುಗಿಯಿತು. ಕಂಪ್ಯೂಟರಿನ ಮೇಲೆ ಆಡುವ ಯುದ್ಧವ್ಯೂಹದ ಆಟಗಳೂ ಮೊದಮೊದಲು ಈ ಧರ್ಮವನ್ನೇ ಅನುಸರಿಸಿದುವು. ಅವು ಮೊಬೈಲಿಗೆ ಇಳಿದುಬಂದ ಮೇಲೆ, ಬಡಗಿಯು ಮಣೆಯನ್ನು ಪುಕ್ಕಟೆಯಾಗಿ ಕೊಟ್ಟು ಆಟಗಾರನ ಹೊತ್ತಿಗೆ ಬೆಲೆ ಕಟ್ಟತೊಡಗಿದನು.

ಅಮೆರಿಕದ ಮೈಕ್ರೊಪ್ರೋಸ್ ಸಂಸ್ಥೆಯಲ್ಲಿ ಸಿಡ್ ಮೀಯರನು ಬ್ರೂಸ್ ಶೆಲಿಯೊಡನೆ ರಚಿಸಿದ ‘ಸಿವಿಲೈಜೇಷನ್’ ಎಂಬ ಆಟವು 1991ರಲ್ಲಿ ಹೊರಬಂದಿತು. ಕ್ರಿಸ್ತಪೂರ್ವ 4000ದಲ್ಲಿ ಒಂದು ಊರನ್ನು ಕಟ್ಟುವುದರಿಂದ ತೊಡಗಿ, ದೂರದ ನಕ್ಷತ್ರಕ್ಕೆ ನೌಕೆಯನ್ನು ಕಳುಹಿಸುವವರೆಗೂ ಅದರ ವಿಸ್ತಾರವುಂಟು. ಆಟಗಾರನು ತನ್ನ ಸರದಿಯನ್ನು ಮುಗಿಸುವವರೆಗೆ ಇಡೀ ಪ್ರಪಂಚವು ಕೈಕಟ್ಟಿ ಕಾದಿರುತ್ತದೆ. ಇನ್ನೊಂದೇ ಸರದಿ, ಇನ್ನೊಂದೇ ಸರದಿ ಎನ್ನುತ್ತ ಬೆಳಗುಮಾಡಿದವರು ಎಷ್ಟೋ ಮಂದಿ. ರಾತ್ರಿಯ ನಿದ್ದೆ ಹಾಳಾದುದು ನಿಜವೇ. ಆದರೆ ಅದನ್ನು ಹಾಳುಮಾಡಿಕೊಂಡವನು ಆಟಗಾರನು, ಮಾರಿದವನ ಗಲ್ಲೆಗೆ ಅದರಿಂದ ಒಂದು ಕಾಸೂ ಬೀಳಲಿಲ್ಲ.

ಮರುವರ್ಷ, ಎಂದರೆ 1992ರಲ್ಲಿ, ವೆಸ್ಟ್‌ವುಡ್ ಸಂಸ್ಥೆಯ ‘ಡ್ಯೂನ್ 2’ ಬಂದಿತು. ಇದರಲ್ಲಿ ಸರದಿಯೆಂಬುದಿಲ್ಲ, ಎದುರಾಳಿಯು ಒಂದು ಕ್ಷಣವೂ ಸುಮ್ಮನಿರನು. ಇಲ್ಲಿ ಮೌಸು ಎಂಬ ಸಾಧನದ ಮಹಿಮೆಯನ್ನು ಹೇಳಲೇಬೇಕು. ‘ಡ್ಯೂನ್ 2’ರಲ್ಲಿ ಒಂದು ಸಲಕ್ಕೆ ಒಂದೇ ಪಡೆಯನ್ನು ಹಿಡಿದು ಅಪ್ಪಣೆ ಕೊಡಬಹುದಾಗಿತ್ತು. 1994ರ ‘ವಾರ್‌ಕ್ರಾಫ್ಟ್’ನಲ್ಲಿ ನಾಲ್ಕನ್ನು ಒಟ್ಟಿಗೆ ಹಿಡಿಯಬಹುದಾಯಿತು, 1998ರ ‘ಸ್ಟಾರ್‌ಕ್ರಾಫ್ಟ್’ನಲ್ಲಿ ಹನ್ನೆರಡನ್ನು. ಸೇನಾನಿಯ ಕೈಗೆ ಇಷ್ಟು ಬಲ ಬಂದೊಡನೆ ಆ ಕೈಯ ಚುರುಕೇ ಒಂದು ವಿದ್ಯೆಯಾಯಿತು. ದಕ್ಷಿಣ ಕೊರಿಯದ ಯುವಕರು ನಿಮಿಷಕ್ಕೆ ಮುನ್ನೂರು ಅಪ್ಪಣೆಗಳವರೆಗೆ ಕೊಡುವುದನ್ನು ಅಭ್ಯಾಸಮಾಡಿದರು. 1997ರ ಹಣದ ಮುಗ್ಗಟ್ಟಿನ ತರುವಾಯ ಆ ದೇಶದಲ್ಲಿ ‘ಪಿ.ಸಿ. ಬಾಂಗ್’ ಎಂಬ ಆಟದ ಅಂಗಡಿಗಳು ಗಲ್ಲಿಗಲ್ಲಿಗೂ ಹುಟ್ಟಿಕೊಂಡಿದ್ದುವು. ಪಂದ್ಯಗಳು ದೂರದರ್ಶನದಲ್ಲಿಯೂ ಪ್ರಸಾರವಾದುವು. ಅಲ್ಲಿಯೂ ಗಂಟೆಗೆ ಇಷ್ಟೆಂದು ಬಾಡಿಗೆ ಇತ್ತಲ್ಲವೆ ಎಂದು ಕೇಳಬಹುದು. ಇತ್ತು. ಆದರೆ ಆ ಬಾಡಿಗೆಯು ಕುರ್ಚಿಗೂ ಯಂತ್ರಕ್ಕೂ ಸಲ್ಲುತ್ತಿದ್ದಿತು. ಹೆಚ್ಚು ಹಣ ಕೊಟ್ಟವನ ಕೋಟೆಯು ಬೇಗನೆ ಏಳುತ್ತಿರಲಿಲ್ಲ. ಸಿರಿವಂತನ ಮಗನೂ ಕೂಲಿಯವನ ಮಗನೂ ಒಂದೇ ಬಗೆಯ ಸಾಮಗ್ರಿಯಿಂದ ಆಟವನ್ನು ತೊಡಗಬೇಕಾಗಿದ್ದಿತು.

ಆಪಲ್ ಸಂಸ್ಥೆಯ ಐಫೋನು 2007ರಲ್ಲಿಯೂ, ಅದಕ್ಕೆ ಬೇಕಾದ ಆಟಪಾಟಗಳನ್ನು ಮಾರುವ ಅಂಗಡಿಯು 2008ರಲ್ಲಿಯೂ ಪ್ರಾರಂಭವಾದುವು. ಆಟದ ಒಳಗೇ ಸಾಮಾನು ಮಾರಲು 2009ರಲ್ಲಿ ಅನುಮತಿ ದೊರೆಯಿತು. ಮೇಲುನೋಟಕ್ಕೆ ಅತಿ ಸಣ್ಣದಾದ ಈ ಮೂರನೆಯ ಸಂಗತಿಯೇ ಉಳಿದೆರಡಕ್ಕಿಂತಲೂ ಹೆಚ್ಚಿನದಾಗಿ ಪರಿಣಮಿಸಿತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2010ರಲ್ಲಿ ಸ್ಥಾಪಿತವಾದ ಸೂಪರ್‌ಸೆಲ್ ಎಂಬ ಸಂಸ್ಥೆಯು ಮೊದಲು ‘ಗನ್‌ಶೈನ್’ ಎಂಬ ಕಂಪ್ಯೂಟರಿನ ಆಟವನ್ನೇ ಮಾಡಿತು. ಅದನ್ನು ಕೈಬಿಟ್ಟು ಅಂಗೈಯ ಯಂತ್ರದ ಕಡೆಗೆ ತಿರುಗಿತು. 1912ರಲ್ಲಲ್ಲ, 2012ರ ಆಗಸ್ಟಿನಲ್ಲಿಯೇ ಹುಟ್ಟಿದ ಅದರ ‘ಕ್ಲಾಷ್ ಆಫ್ ಕ್ಲಾನ್ಸ್’ ಈಗಾಗಲೇ ಪುರಾತನದಂತೆ ತೋರುತ್ತಿರುವುದು ಈ ಪ್ರಪಂಚದ ವೇಗಕ್ಕೆ ಸಾಕ್ಷಿ.

ಈ ಆಟದಲ್ಲಿ ದಾಳಿಗೆ ಮೂರು ನಿಮಿಷದ ಅವಧಿ. ಬೆರಳಿನಿಂದ ಒತ್ತಿ ಸೈನಿಕರನ್ನು ಶತ್ರುವಿನ ಕೋಟೆಯ ಬಳಿ ಇಳಿಸಬಹುದು, ಮಂತ್ರಗಳನ್ನು ಎಸೆಯಬಹುದು; ಆದರೆ ಇಳಿಸಿದ ಸೈನಿಕನನ್ನು ಹಿಂದಕ್ಕೆ ಕರೆಯುವಂತಿಲ್ಲ, ಇತ್ತ ತಿರುಗೆಂದು ಹೇಳುವಂತಿಲ್ಲ. ಒಂದು, ನಾಲ್ಕು, ಹನ್ನೆರಡು ಎಂದು ಏರುತ್ತ ಬಂದ ಲೆಕ್ಕವು ಇಲ್ಲಿ ಸೊನ್ನೆಗೆ ಇಳಿಯಿತು. ದಪ್ಪ ಬೆರಳಿಗೂ ಕಿರಿದಾದ ಗಾಜಿಗೂ ಇದು ತಕ್ಕ ಉಪಾಯವೆಂದು ಒಪ್ಪಬೇಕು. ಒಪ್ಪಲಾಗದುದು ಮತ್ತೊಂದಿದೆ. ಊರಿನ ಕಟ್ಟಡವನ್ನು ಮೇಲ್ತರಕ್ಕೆ ಏರಿಸಲು ಮೊದಲು ಕೆಲವು ಕ್ಷಣ, ಆಮೇಲೆ ಗಂಟೆಗಳು, ಮುಂದೆ ದಿನಗಟ್ಟಲೆ ಕಾಯಬೇಕು. ಕಾಯಲಾರದವನು ಹಸುರು ರತ್ನಗಳನ್ನು ತೆತ್ತು ಕೂಡಲೆ ಮುಗಿಸಿಕೊಳ್ಳಬಹುದು. ಆ ರತ್ನಗಳು ನಿಜವಾದ ಹಣಕ್ಕೆ ದೊರೆಯುತ್ತವೆ. ತಾಳ್ಮೆಯು ಸೇನಾನಿಯ ಗುಣವಾಗಿದ್ದ ಕಾಲ ಹೋಗಿ, ಬಡ ಆಟಗಾರನು ತೆರುವ ಕಂದಾಯವಾಯಿತು. ಈ ವ್ಯಾಪಾರವು ಎಷ್ಟು ಫಲಿಸಿತೆಂಬುದಕ್ಕೆ ಒಂದೇ ಅಂಕಿ ಸಾಕು: 2016ರಲ್ಲಿ ಚೀನದ ಟೆನ್ಸೆಂಟ್ ಸಂಸ್ಥೆಯ ಕೂಟವು ಸೂಪರ್‌ಸೆಲ್ಲಿನ ನೂರಕ್ಕೆ ಎಂಬತ್ತನಾಲ್ಕರಷ್ಟು ಪಾಲಿಗೆ ಸುಮಾರು 860 ಕೋಟಿ ಡಾಲರುಗಳ ಬೆಲೆಯನ್ನು ಒಪ್ಪಿತು.

ಇದೆಲ್ಲವೂ ಮೊಬೈಲಿನ ದೋಷವೆಂದರೆ ಅನ್ಯಾಯವಾದೀತು. ಜರ್ಮನಿಯ ‘ಟ್ರಾವಿಯನ್’ ಎಂಬ ಆಟವು 2004ರಲ್ಲಿಯೇ, ಕಂಪ್ಯೂಟರಿನ ಮುಂದೆಯೇ, ಜನರನ್ನು ಗಂಟೆಗಟ್ಟಲೆ ಕಾಯಿಸಿದ್ದಿತು. ಅತ್ತ ಸ್ವೀಡನ್ನಿನ ಮಿಡ್ಜಿವಾನ್ ಸಂಸ್ಥೆಯು 2016ರಲ್ಲಿ ಮೊಬೈಲಿಗೆಂದೇ ರಚಿಸಿದ ‘ಪಾಲಿಟೋಪಿಯ’ವು ಸರದಿಯ ಹಳೆಯ ಧರ್ಮವನ್ನು ಬಿಡಲಿಲ್ಲ, ಅದರ ಒಂದು ಬಗೆಯ ಆಟವು ಮೂವತ್ತು ಸರದಿಗಳಲ್ಲಿ ಮುಗಿಯುತ್ತದೆ. 2020ರಲ್ಲಿ ಅದು ಕಂಪ್ಯೂಟರಿಗೂ ಏರಿತು. ‘ಸಿವಿಲೈಜೇಷನ್’ನ ಆರನೆಯ ಅವತಾರವಾದರೋ 2018ರಲ್ಲಿ ಐಫೋನಿಗೆ ಇಳಿದುಬಂದಿತು, ಅಕ್ಷರಗಳು ಚಿಕ್ಕವಾದುವೇ ಹೊರತು ಆಟದ ಧರ್ಮವು ಕೆಡಲಿಲ್ಲ. ಕಂಪ್ಯೂಟರನ್ನು ಕೊಳ್ಳಲಾರದೆ, ಬಸ್ಸಿಗೆ ಕಾಯುವ ಹತ್ತು ನಿಮಿಷಗಳನ್ನಷ್ಟೇ ತನ್ನದೆಂದುಕೊಳ್ಳಬಲ್ಲವನಿಗೆ ವ್ಯೂಹರಚನೆಯ ಸುಖವನ್ನು ತಂದುಕೊಟ್ಟುದು ಅಂಗೈಯ ಈ ಯಂತ್ರವೇ.

‘ಕ್ಲಾಷ್ ಆಫ್ ಕ್ಲಾನ್ಸ್’ ಕೂಡ ತನ್ನ ಹಿಡಿತವನ್ನು ಸ್ವಲ್ಪ ಸಡಿಲಿಸಿತು. ಸೈನಿಕರು ಸಿದ್ಧರಾಗಲು ತಗಲುತ್ತಿದ್ದ ಕಾಲವನ್ನು 2025ರಲ್ಲಿ ತೆಗೆದುಹಾಕಲಾಯಿತು. ದಂಡು ಈಗ ಕರೆದೊಡನೆ ಬರುತ್ತದೆ. ಕೋಟೆಯ ಗೋಡೆಯೊಳಗಿನ ಕಟ್ಟಡಗಳು ಮಾತ್ರ ಇನ್ನೂ ದಿನಗಳನ್ನು ಎಣಿಸುತ್ತಲೇ ಏಳುತ್ತಿವೆ.