ಚಿಗರಿ ಮೇಯುವ ಹೊಲದಲ್ಲಿ ಉಣ್ಣಿಯ ಜಾಡು

ಮಾನ್ವಿ, ದೇವದುರ್ಗದ ಕಡೆ ಎರೆಹೊಲಕ್ಕೆ ಚಿಗರಿ ಹಿಂಡು ಇಳಿದರೆ ರೈತ ಮೊದಲು ನೋಡುವುದು ಬೆಳೆಯನ್ನು. ಅದೇ ಹೊಲದ ಕೂಳೆಯಲ್ಲಿ ದನ, ಕುರಿ ಮೇಯುತ್ತವೆ ಎಂಬುದು ಆಮೇಲಿನ ಮಾತು. ಉಣ್ಣಿಯ ವಿಷಯದಲ್ಲಿ ಅದೇ ಮೊದಲ ಮಾತಾಗಬೇಕು. ಚಿಗರಿ, ಅಂದರೆ ಕೃಷ್ಣಮೃಗ, ಪ್ರಾಣಿಶಾಸ್ತ್ರದ ಪ್ರಕಾರ ದನ-ಕುರಿಗಳ ಕುಟುಂಬದ್ದೇ. ಆದರೂ ಉಣ್ಣಿ ಹರಡುವ ರಕ್ತದ ಪರೋಪಜೀವಿಗಳ ಅಧ್ಯಯನದಲ್ಲಿ ಕಾಡುಮೃಗ ಕಾಣಿಸಿಕೊಂಡದ್ದು ತಡವಾಗಿ, ಅದೂ ಬಹುಪಾಲು ಆರೋಪಿಯಾಗಿ.

ಶುರುವಾದದ್ದು ದನದಿಂದ. 1888ರಲ್ಲಿ ರುಮೇನಿಯಾದಲ್ಲಿ ವಿಕ್ಟರ್ ಬಾಬೆಶ್ ಕಾಯಿಲೆಬಿದ್ದ ದನಗಳ ಕೆಂಪು ರಕ್ತಕಣದೊಳಗೆ ಸೂಕ್ಷ್ಮಜೀವಿ ಕಂಡರು. ಬೆಬೇಸಿಯಾ ಎಂಬ ಹೆಸರು ಅವರಿಂದಲೇ ಬಂದದ್ದು. 1893ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್, ಬೆಬೇಸಿಯಾ ದನಕ್ಕೆ ತರುವ ಟೆಕ್ಸಾಸ್ ಜ್ವರ ಹರಡುವುದು ಉಣ್ಣಿಯಿಂದ ಎಂದು ಸಾಬೀತು ಮಾಡಿದರು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗಿನ್ನೂ ರುಜುವಾತಾಗಿರಲಿಲ್ಲ. ಸೋಜಿಗವೆಂದರೆ ಈ ಉಣ್ಣಿ ಮರಿಯಾಗಿ ಹತ್ತಿದ ದನವನ್ನು ಪ್ರಾಯಕ್ಕೆ ಬರುವವರೆಗೆ ಬಿಡುವುದಿಲ್ಲ. ಹಾಗಾದರೆ ರೋಗ ದಾಟುವುದು ಹೇಗೆ? ರಕ್ತ ಕುಡಿದು ಉಬ್ಬಿದ ಹೆಣ್ಣು ನೆಲಕ್ಕುದುರಿ ಮೊಟ್ಟೆಯಿಡುತ್ತದೆ. ಪರೋಪಜೀವಿ ಮೊಟ್ಟೆಯೊಳಗೇ ಸೇರಿಕೊಂಡು, ಹುಲ್ಲಿನ ತುದಿಗೇರಿ ಕಾಯುವ ಮರಿಗಳಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಉಣ್ಣಿ ಹರಡುವ ಇನ್ನೊಂದು ರಕ್ತದ ಪರೋಪಜೀವಿ ಥೈಲೇರಿಯಾ ಹಾಗಲ್ಲ. ಅದು ಮೊಟ್ಟೆಯ ಮೂಲಕ ದಾಟದು. ಉಣ್ಣಿ ಒಂದು ಹಂತದಲ್ಲಿ ಹೀರಿದ್ದನ್ನು ಮುಂದಿನ ಹಂತದಲ್ಲಿ ಇನ್ನೊಂದು ಪ್ರಾಣಿಗೆ ಕೊಡುತ್ತದೆ. ನಮ್ಮಲ್ಲಿ ಅದನ್ನು ಹೊರುವ ಹಯಲೊಮ್ಮಾ ಉಣ್ಣಿ ಕೊಟ್ಟಿಗೆಯ ಗೋಡೆಬಿರುಕಿನಲ್ಲಿ ಅಡಗುವಂಥದು. ಚಿಗರಿ ಕೊಟ್ಟಿಗೆಗೆ ಬರುವುದಿಲ್ಲ, ಕೂಳೆಗೆ ಬರುತ್ತದೆ. ಹಾಗಾಗಿ ನನ್ನ ಅನುಮಾನ ಮೊದಲು ಹೋಗುವುದು ಬೆಬೇಸಿಯಾದ ಕಡೆ.

ಕಾಡುಮೃಗದ ಸರದಿ ಬಂದದ್ದು ದನದ ನಂತರ. 1907ರಲ್ಲಿ ಪೋರ್ಚುಗಲ್‌ನ ಜಿಂಕೆಯ ರಕ್ತದಿಂದ ಥೈಲೇರಿಯಾ ಸರ್ವಿ ಎಂಬ ಪ್ರಭೇದ ದಾಖಲಾಯಿತು. ಆಫ್ರಿಕಾದಲ್ಲಿ ಕಾಡೆಮ್ಮೆ ತಾನು ನರಳದೆ ದನಗಳಿಗೆ ಮಾರಕವಾದ ಥೈಲೇರಿಯಾ ಪಾರ್ವಾ ಹೊತ್ತು ತಿರುಗುವುದು ಗೊತ್ತಾಯಿತು. ಟೆಕ್ಸಾಸ್ ಜ್ವರ ತಡೆಯಲು ಅಮೆರಿಕ 1906ರಲ್ಲಿ ಶುರುಮಾಡಿದ ಉಣ್ಣಿ ನಿರ್ಮೂಲನೆ 1943ರ ಹೊತ್ತಿಗೆ ಮೆಕ್ಸಿಕೋ ಗಡಿಪಟ್ಟಿಯೊಂದನ್ನು ಬಿಟ್ಟು ಗೆದ್ದಿತ್ತು. ಈಗ ಆ ಗಡಿಯಲ್ಲಿ ಉಣ್ಣಿಯನ್ನು ಮತ್ತೆ ತರುವವರ ಸಾಲಿನಲ್ಲಿ ನಿಂತಿರುವುದು ನಮ್ಮ ನೀಲಗಾಯಿ! ಕಳೆದ ಶತಮಾನದ ಮೊದಲಾರ್ಧದಲ್ಲಿ ಟೆಕ್ಸಾಸಿನ ಜಮೀನುದಾರರು ತಂದುಬಿಟ್ಟದ್ದು.

ಕರ್ನಾಟಕದಲ್ಲಿ ಉಣ್ಣಿ ಎಂದರೆ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆಯೇ ನೆನಪಾಗುತ್ತದೆ. ಅದು ವೈರಸ್, ಮಲೆನಾಡಿನ ಕತೆ. ಬಯಲುಸೀಮೆಯಲ್ಲಿ ಥೈಲೇರಿಯಾ ಸುದ್ದಿಯಾದದ್ದು ಮಿಶ್ರತಳಿ ಹಸು ಬಂದ ಮೇಲೆ. ಜವಾರಿ ದನ ಬಹುಮಟ್ಟಿಗೆ ತಾಳಿಕೊಂಡದ್ದನ್ನು ಎಚ್‌ಎಫ್, ಜರ್ಸಿ ತಾಳಲಿಲ್ಲ. ಲಸಿಕೆ ಬಂತು, ಬುಪಾರ್ವಾಕ್ವೋನ್ ಎಂಬ ಔಷಧ ಬಂತು, ಎಲ್ಲವೂ ದನಕ್ಕೆ. 2018ರಲ್ಲಿ ಗಿರ್‌ನ ಸಿಂಹಗಳ ಸಾವಿನಲ್ಲಿ ಡಿಸ್ಟೆಂಪರ್ ವೈರಸ್ ಜೊತೆ ಬೆಬೇಸಿಯಾ ಹೆಸರೂ ಬಂದಾಗ ದೇಶದ ಕಣ್ಣು ಕಾಡಿನ ಕಡೆ ತಿರುಗಿತು.

ಕಾಡುಮೃಗದ ರಕ್ತ ಸಿಗುವುದೇ ಕಷ್ಟ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅನುಮತಿಯಿದ್ದು ಹಿಡಿದರೂ ಗಾಬರಿಗೆ, ಸ್ನಾಯು ಕೆಟ್ಟು ಸಾಯಬಹುದು. ಹಾಗಾಗಿ ತಿಳಿದದ್ದರಲ್ಲಿ ಬಹುಪಾಲು ಮೃಗಾಲಯ ಮತ್ತು ಶವಪರೀಕ್ಷೆಯಿಂದ ಬಂದದ್ದು. ಪಿಸಿಆರ್ ಬಂದ ಮೇಲೆ ಹನಿ ರಕ್ತದಲ್ಲೂ ಪರೋಪಜೀವಿಯ ಡಿಎನ್‌ಎ ಸಿಗುತ್ತದೆ. ಆದರೆ ಡಿಎನ್‌ಎ ಸಿಕ್ಕಿತೆಂದರೆ ಪ್ರಾಣಿಗೆ ಕಾಯಿಲೆಯಿದೆ ಎಂದಲ್ಲ. ಆ ಪ್ರಾಣಿ ಪರೋಪಜೀವಿಯನ್ನು ದನಕ್ಕೆ ಕೊಟ್ಟಿತೋ ದನದಿಂದ ಪಡೆಯಿತೋ ಎಂಬುದನ್ನೂ ಡಿಎನ್‌ಎ ಒಂದೇ ಹೇಳದು. ನಾಯಿ ಕಡಿದೋ ವಾಹನ ಬಡಿದೋ ಸತ್ತ ಚಿಗರಿ ತಾಲ್ಲೂಕು ಪಶುವೈದ್ಯರ ಮುಂದೆ ಬಂದಾಗ ಗಾಜಿನ ಮೇಲೊಂದು ರಕ್ತದ ಲೇಪ, ಸ್ಪಿರಿಟ್‌ನಲ್ಲಿ ನಾಲ್ಕು ಉಣ್ಣಿ, ಪಕ್ಕದ ಹೊಲದ ದನದಿಂದಲೂ ಅಷ್ಟೇ ತೆಗೆದಿಟ್ಟರೆ ಹೋಲಿಸಲು ಏನಾದರೂ ಇರುತ್ತದೆ.